ಕೇಳಿ ನೋಡಿ: ನಮ್ಮೂರಲ್ಲಿ ಯಾರನ್ನ ಹಿಡಿಯೋದು?

ಈ ಸಲ ಮೂರು ಪತ್ರ ಎತ್ತಿಟ್ಕೊಂಡಿದೀನಿ, ಮೂರರಲ್ಲೂ ಕೇಳಿರೋದು ಹೆಚ್ಚುಕಮ್ಮಿ ಒಂದೇ, ಸಣ್ಣ ಊರಲ್ಲಿ ಸಹಾಯ ಬೇಕಾದಾಗ ಯಾರ ಬಾಗ್ಲು ತಟ್ಟೋದು ಅಂತ. ನಾನು 28 ವರ್ಷ ಅಂಗನವಾಡಿ ಸೂಪರ್‌ವೈಸರ್ ಆಗಿ ಮೂರು ತಾಲೂಕು ಸುತ್ತಿದವಳು, ಹಾಗಾಗಿ ಓದಿ ಹೇಳೋದಕ್ಕಿಂತ ಓಡಾಡಿ ಕಂಡಿದ್ದೇ ನನ್ನ ಹತ್ರ ಜಾಸ್ತಿ.

ಪ್ರಶ್ನೆ: ಮೇಡಂ, ನಾನು ಪುಣೆಲಿ ಕೆಲ್ಸದಲ್ಲಿದೀನಿ. ಅಮ್ಮಂಗೆ 74, ತಿಪಟೂರಲ್ಲಿ ಒಬ್ರೇ ಇದಾರೆ, ಮೇಷ್ಟ್ರಾಗಿದ್ದ ಅಪ್ಪ ಹೋಗಿ ಎರಡು ವರ್ಷ ಆಯ್ತು. ಈಚೆಗೆ ಅಮ್ಮಂಗೆ ಮರೆವು ಜಾಸ್ತಿ, ಎರಡು ಸಲ ಹಾಲು ಒಲೆ ಮೇಲಿಟ್ಟು ದೇವಸ್ಥಾನಕ್ಕೆ ಹೋಗ್ಬಿಟ್ಟಿದಾರೆ, ಪಕ್ಕದ್ಮನೆಯವ್ರು ಸೀದ ವಾಸ್ನೆ ಬಂದು ನಂಗೆ ಫೋನ್ ಮಾಡಿದ್ರು. ಪುಣೆಗೆ ಕರ್ಕೊಂಡು ಬಂದ್ರೆ ನಾಲ್ಕನೇ ದಿನಕ್ಕೆ ಊರಿಗೆ ಕಳ್ಸು ಅಂತಾರೆ. ನೆಟ್ಟಲ್ಲಿ ಹುಡುಕಿದ್ರೆ ಬರೋದೆಲ್ಲ ಬೆಂಗಳೂರಿನ ಹೋಮ್ ಕೇರ್ ಕಂಪನಿಗಳು, ತಿಪಟೂರು ಅಂತ ಹಾಕಿದ್ರೆ ಕೊಬ್ಬರಿ ರೇಟು ಬರುತ್ತೆ. ನಮ್ಮೂರಲ್ಲಿ ಏನೂ ಇಲ್ವಾ? (ಹೆಸರು ಬೇಡ, ಪುಣೆ)

ಉತ್ತರ: ಇದೆ ತಾಯಿ, ಬೋರ್ಡ್ ಹಾಕಿರಲ್ಲ ಅಷ್ಟೇ. ಬೆಂಗಳೂರಲ್ಲಾದ್ರೆ ಒಂದು ಆ್ಯಪ್ ಇರುತ್ತೆ, ನಮ್ಮ ಕಡೆ ಒಬ್ಬ ಮನುಷ್ಯ ಇರ್ತಾನೆ, ಅವ್ನು ಯಾವ ವಾರ್ಡಲ್ಲಿ ಯಾವ ದಿನ ಎಷ್ಟೊತ್ತಿಗೆ ಸಿಗ್ತಾನೆ ಅಂತ ತಿಳ್ಕೊಂಡ್ರೆ ಅರ್ಧ ಕೆಲ್ಸ ಆದ ಹಾಗೆ.

ಮುಂದಿನ ಸಲ ಊರಿಗೆ ಬರುವಾಗ ಎರಡು ದಿನ ರಜಾ ಜಾಸ್ತಿ ಹಾಕ್ಕೊಂಡು ಬನ್ನಿ, ಶನಿವಾರ ಬಂದು ಭಾನುವಾರ ರಾತ್ರಿ ಬಸ್ ಹತ್ತಿದ್ರೆ ಯಾರೂ ಸಿಗಲ್ಲ. ಆ ಎರಡು ದಿನ ಸೋಮವಾರ, ಮಂಗಳವಾರ ಆಗಿದ್ರೆ ಒಳ್ಳೇದು, ಯಾಕೆ ಅಂತ ಆಮೇಲೆ ಹೇಳ್ತೀನಿ. ಸೋಮವಾರ ಬೆಳಿಗ್ಗೆ ಅಮ್ಮನ ಮನೆ ಹತ್ರದ ಅಂಗನವಾಡಿಗೆ ಹೋಗಿ. ನಗ್ಬೇಡಿ, 74ರ ಅಮ್ಮಂಗೂ ಅಂಗನವಾಡಿಗೂ ಏನು ಸಂಬಂಧ ಅಂತ. ಟೀಚರ್ ಹತ್ರ ಆ ಏರಿಯಾದ ಮನೆಮನೆ ಸರ್ವೆ ಪುಸ್ತಕ ಇರುತ್ತೆ, ಯಾವ ಮನೇಲಿ ಯಾರಿದಾರೆ ಅಂತ ನಾಯಿ ಹೆಸರು ಸಮೇತ ಗೊತ್ತಿರುತ್ತೆ, ಆ ವಾರ್ಡಿನ ಆಶಾ ಕಾರ್ಯಕರ್ತೆ ಯಾರು ಅಂತ್ಲೂ ಗೊತ್ತು, ಅಲ್ಲಿಂದ್ಲೇ ಫೋನ್ ಮಾಡಿ ಕರೆಸ್ತಾರೆ. ಆಶಾ ಅಂದ್ರೆ ಬಸುರಿ ಬಾಣಂತಿಯರಿಗೆ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಾಗೇನಿಲ್ಲ, ಬಿಪಿ ಶುಗರ್ ಇರೋರ ಲೆಕ್ಕಾನೂ ಅವ್ರೇ ಇಡೋದು. "ಈ ಮನೇಲಿ ಅಮ್ಮ ಒಬ್ರೇ ಇರೋದು, ಮರೆವಿದೆ, ಇದು ನನ್ನ ನಂಬರ್" ಅಂತ ಅವ್ರ ಮೊಬೈಲಲ್ಲಿ ನಿಮ್ಮ ಹೆಸರು ಸೇವ್ ಮಾಡ್ಸಿ. ಇದಕ್ಕೆ ಅರ್ಜಿ ಗಿರ್ಜಿ ಏನೂ ಬೇಡ.

ಮಂಗಳವಾರದ ವಿಷ್ಯ. ಮನೋಚೈತನ್ಯ ಅಂತ ಒಂದು ಸರ್ಕಾರಿ ಕಾರ್ಯಕ್ರಮ ಇದೆ, ಅದರಲ್ಲಿ ಮನೋವೈದ್ಯರು ಮಂಗಳವಾರದ ದಿನ ತಾಲೂಕು ಆಸ್ಪತ್ರೆಗಳಿಗೆ ಬರ್ತಾರೆ, ಆದ್ರೆ ನಿಮ್ಮ ತಾಲೂಕಿಗೆ ಯಾವ ವಾರದ ಮಂಗಳವಾರ ಅಂತ ಆಸ್ಪತ್ರೆ ಚೀಟಿ ಕೌಂಟರಲ್ಲಿ ಸೋಮವಾರಾನೇ ಕೇಳಿಟ್ಕೊಳ್ಳಿ, ಸುಮ್ನೆ ಅಮ್ಮನ್ನ ಬೆಂಚ್ ಮೇಲೆ ಕೂರ್ಸಿ ವಾಪಸ್ ಕರ್ಕೊಂಡು ಹೋಗೋ ಹಾಗಾಗ್ಬಾರ್ದು. ಮನೋವೈದ್ಯರು ಅಂದ ತಕ್ಷಣ ಅಮ್ಮ "ನಂಗೇನು ಹುಚ್ಚಾ" ಅಂತಾರೆ, ಗ್ಯಾರಂಟಿ. ಬಿಪಿ ಚೆಕಪ್ಪು ಅಂತ್ಲೇ ಕರ್ಕೊಂಡು ಹೋಗಿ, ಸುಳ್ಳೇನಲ್ಲ, ಅದನ್ನೂ ನೋಡ್ತಾರಲ್ಲ. ಮರೆವು ಅಂದ್ರೆಲ್ಲ ವಾಸಿಯಾಗದ ಕಾಯಿಲೆ ಅಲ್ಲ, ಥೈರಾಯ್ಡ್ ಏರುಪೇರಾದ್ರೂ, ಬಿ12 ಕಮ್ಮಿಯಾದ್ರೂ ಮರೆವು ಬರುತ್ತೆ, ಒಬ್ರೇ ಇರೋ ವಯಸ್ಸಾದೋರು ಎರಡು ಹೊತ್ತೂ ಅನ್ನ ತಿಳಿಸಾರಲ್ಲೇ ಮುಗಿಸ್ತಾರೆ, ಅದಕ್ಕೇ ರಕ್ತ ಪರೀಕ್ಷೆ ಮೊದ್ಲು ಮಾಡ್ಸಿ. ಅದರಲ್ಲಿ ಏನೂ ಸಿಗ್ಲಿಲ್ಲ ಅಂದ್ರೆ ತುಮಕೂರು ಜಿಲ್ಲಾಸ್ಪತ್ರೆಗೆ ಬರೆಸ್ಕೊಳ್ಳಿ, ಬ್ರೈನ್ ಹೆಲ್ತ್ ಕ್ಲಿನಿಕ್ ಅಂತ ಹೆಸರು ಹೇಳಿ ಕೇಳಿ. 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಶುರು ಮಾಡಿದ್ದು ಇದು, ಮೊದ್ಲು ಕೋಲಾರ ಚಿಕ್ಕಬಳ್ಳಾಪುರ ಕಡೆ ಇತ್ತು, ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು.

ಇನ್ನು ಮನೇಲಿ ಜೊತೆಗಿರೋಕೆ ಜನ. ಏಜೆನ್ಸಿ ಹುಡುಕ್ಬೇಡಿ, ಸಂಘ ಹುಡುಕಿ. ಸ್ತ್ರೀಶಕ್ತಿ ಸಂಘ, ಧರ್ಮಸ್ಥಳ ಸಂಘ, ನಿಮ್ಮ ಬೀದೀಲೇ ಎರಡು ಮೂರು ಇರುತ್ತೆ, ಧರ್ಮಸ್ಥಳ ಸಂಘದ ಸೇವಾಪ್ರತಿನಿಧಿ ಅಂತ ಒಬ್ರು ವಾರ ವಾರ ಮೀಟಿಂಗಿಗೆ ಬರ್ತಾರೆ, ಯಾವ ಹೆಂಗಸು ನಂಬಿಕಸ್ತೆ, ಯಾರಿಗೆ ಬೆಳಿಗ್ಗೆ ಎರಡು ಗಂಟೆ ಬಿಡುವಿದೆ ಅಂತ ಅವ್ರಿಗೆ ಗೊತ್ತಿರೋ ಅಷ್ಟು ಯಾವ ಕಂಪನಿಗೂ ಗೊತ್ತಿರಲ್ಲ. ಸಂಬಳ ಮಾತ್ರ ಮೊದ್ಲೇ ಬಾಯಿಬಿಟ್ಟು ಮಾತಾಡ್ಕೊಳ್ಳಿ, "ಮನೆಯವ್ಳ ಥರ ನೋಡ್ಕೋತೀವಿ" ಅಂತ ಹೇಳಿ ಕಮ್ಮಿ ಕೊಡೋ ಚಾಳಿ ನಮ್ಮಲ್ಲಿ ಇದೆ, ಅದು ಬೇಡ.

ಪೋಸ್ಟ್‌ಮ್ಯಾನ್‌ನ ಮರೀಬೇಡಿ. ಅಪ್ಪನ ಫ್ಯಾಮಿಲಿ ಪೆನ್ಷನ್ ಬರ್ತಾ ಇದ್ರೆ ವರ್ಷಕ್ಕೊಂದ್ಸಲ ಜೀವಿತ ಪ್ರಮಾಣಪತ್ರ ಕೊಡ್ಬೇಕಲ್ಲ, ಅದನ್ನ ಮನೆಗೇ ಬಂದು ಆಧಾರ್ ಬೆರಳಚ್ಚು ತಗೊಂಡು ಮಾಡ್ಕೊಡ್ತಾರೆ, ಚಾರ್ಜು 70 ರೂಪಾಯಿ. ದಿನಾ ಆ ಬೀದೀಲಿ ಓಡಾಡೋ ಮನುಷ್ಯ, ಎರಡು ದಿನ ಬಾಗ್ಲು ತೆಗೀದಿದ್ರೆ ಮೊದ್ಲು ಗೊತ್ತಾಗೋದು ಅವ್ರಿಗೇ.

ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8. ಇದರಲ್ಲಿ ಒಂದು ಸೂಕ್ಷ್ಮ ಇದೆ, ನೀವು ಪುಣೆಯಿಂದ ಒತ್ತಿದ್ರೆ ಕಾಲ್ ಮಹಾರಾಷ್ಟ್ರದೋರಿಗೆ ಹೋಗೋ ಚಾನ್ಸು ಜಾಸ್ತಿ, ಅದಕ್ಕೆ ಅಮ್ಮನ ಫೋನಿಂದ್ಲೋ ಪಕ್ಕದ್ಮನೆಯವ್ರಿಂದ್ಲೋ ಮಾಡ್ಸಿ. ತುರ್ತಿಗೆ ಕರೆಯೋ 112ಕ್ಕೂ ಇದೇ ಮಾತು. ನಿಮಗೇ ರಾತ್ರಿ ನಿದ್ದೆ ಬರ್ತಿಲ್ಲ ಅಂದ್ರೆ 14416 ಇದೆ, ಟೆಲಿಮಾನಸ್, 24 ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ. ಅಮ್ಮನ್ನ ಊರಲ್ಲಿ ಬಿಟ್ಟಿದೀನಿ ಅನ್ನೋ ಕೊರಗು ನಿಮ್ಮ ಪತ್ರದ ತುಂಬಾ ಇದೆ, ನಾನು ಅದಕ್ಕೇನೂ ಹೇಳಲ್ಲ, ಅಲ್ಲಿ ಮಾತಾಡಿ.

ಪ್ರಶ್ನೆ: ನಮ್ಮೆಜಮಾನ್ರು ಬ್ಯಾಂಕಲ್ಲಿರೋದು, ಮಂಡ್ಯದಿಂದ ಲಿಂಗಸುಗೂರಿಗೆ ಟ್ರಾನ್ಸ್‌ಫರ್ ಆಗಿ ಆರು ತಿಂಗಳು. ಮಗಂಗೆ ನಾಲ್ಕು ವರ್ಷ, ಇನ್ನೂ ಮಾತು ಬಂದಿಲ್ಲ, ಕರೆದ್ರೆ ತಿರುಗಲ್ಲ, ಒಬ್ನೇ ಆಡ್ಕೋತಾನೆ. ಇಲ್ಲಿ ಥೆರಪಿ ಎಲ್ಲೂ ಇಲ್ಲ ಅಂತಾರೆ. ಒಂದು ಆಫೀಸಿಗೆ ಹೋಗಿ ಇಂಥ ಮಕ್ಕಳಿಗೆ ಏನಾದ್ರೂ ಸಹಾಯ ಇದ್ಯಾ ಅಂತ ಕೇಳ್ದೆ, ತಲೆ ಎತ್ತದೇ ಇಲ್ಲ ಅಂದ್ರು. ನೆಂಟರಿಲ್ಲ, ಪರಿಚಯದೋರಿಲ್ಲ, ಅವ್ರ ಮಾತೂ ಪೂರ್ತಿ ಅರ್ಥ ಆಗಲ್ಲ ನಂಗೆ. (ಒಬ್ಬ ತಾಯಿ)

ಉತ್ತರ: "ಏನಾದ್ರೂ ಸಹಾಯ ಇದ್ಯಾ" ಅಂತ ಕೇಳಿದ್ರೆ ಸರ್ಕಾರಿ ಆಫೀಸಲ್ಲಿ "ಇಲ್ಲ" ಅಂತ್ಲೇ ಹೇಳೋದು, ನಾನೂ ಆ ಕಡೆ ಕುರ್ಚೀಲಿ ಕೂತಿದ್ದವಳು, ನಂಗೊತ್ತು. ಹೆಸರಿಟ್ಟು ಕೇಳ್ಬೇಕು. ಹೆಸರು ಹೇಳಿದ್ರೆ ಫೈಲು ನೆನಪಾಗುತ್ತೆ, ಇವ್ರಿಗೆ ವಿಷ್ಯ ಗೊತ್ತು ಅಂತ ಸ್ವಲ್ಪ ಭಯಾನೂ ಆಗುತ್ತೆ.

ಮೊದ್ಲನೇ ಹೆಸರು, ಆರ್‌ಬಿಎಸ್‌ಕೆ ಟೀಮು. ಡಾಕ್ಟರು, ನರ್ಸು ಗಾಡೀಲಿ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನ ನೋಡ್ತಾರೆ. ಬ್ಯಾಂಕಿನವ್ರ ಮನೆ ಮಕ್ಕಳು ಅಂಗನವಾಡಿಗೆ ಹೋಗಲ್ಲ, ಅದಕ್ಕೇ ಈ ಟೀಮಿನ ಕಣ್ಣಿಗೇ ಬೀಳಲ್ಲ, ಎಷ್ಟು ಮನೆಗಳಲ್ಲಿ ನೋಡಿದೀನಿ ಈ ಕತೆನ, ಕಾನ್ವೆಂಟಿಗೆ ಫೀಸ್ ಕಟ್ಟಿರ್ತಾರೆ, ಮಗು ತಿರುಗಿ ನೋಡಲ್ಲ ಅಂತ ಒಂದ್ ವರ್ಷ ಯಾರೂ ಬಾಯಿಬಿಡಲ್ಲ. ನಿಮ್ಮ ಬೀದಿ ಅಂಗನವಾಡೀಲಿ ಮಗು ಹೆಸರು ಬರೆಸಿ, ಟೀಮು ಯಾವತ್ತು ಬರುತ್ತೆ ಕೇಳಿ. ಅಲ್ಲಿವರ್ಗೂ ಕಾಯ್ಬೇಕಾಗಿಲ್ಲ, ತಾಲೂಕು ಆಸ್ಪತ್ರೆಯಿಂದ್ಲೇ ರಾಯಚೂರಿನ ಡಿಇಐಸಿಗೆ ಬರೆಸ್ಕೊಳ್ಳಿ, ಸಣ್ಣ ಮಕ್ಕಳ ಬೆಳವಣಿಗೆ ತೊಂದರೆ ನೋಡೋಕೆ ಅಂತ್ಲೇ ಜಿಲ್ಲಾ ಮಟ್ಟದಲ್ಲಿ ಇರೋ ಕೇಂದ್ರ ಅದು. ಎಲ್ಲಕ್ಕಿಂತ ಮೊದ್ಲು ಕಿವಿ ಪರೀಕ್ಷೆ ಆಗ್ಲಿ, ಕರೆದ್ರೆ ತಿರುಗಲ್ಲ ಅನ್ನೋದಕ್ಕೆ ಕಾರಣ ಕಿವೀನೂ ಇರ್ಬಹುದು, ನೀವೂ ನಾನೂ ಮನೇಲಿ ಕೂತು ಹೆಸರಿಡೋದು ಬೇಡ.

ಎರಡನೇದು ಎಂಆರ್‌ಡಬ್ಲ್ಯು. ಅಂಗವಿಕಲರ ಕೆಲಸ ನೋಡೋರು, ತಾಲೂಕು ಪಂಚಾಯ್ತಿ ಆಫೀಸಲ್ಲಿ ಕೂರ್ತಾರೆ, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಅಂತ ಉದ್ದ ಹೆಸರು, ಯಾರೂ ಹಾಗನ್ನಲ್ಲ, ಎಂಆರ್‌ಡಬ್ಲ್ಯು ಎಲ್ಲಿ ಅಂದ್ರೆ ಸಾಕು. ಹಳ್ಳಿಗಳಲ್ಲಾದ್ರೆ ಇದೇ ಕೆಲಸಕ್ಕೆ ಪಂಚಾಯ್ತಿಗೊಬ್ರು ವಿಆರ್‌ಡಬ್ಲ್ಯು ಇರ್ತಾರೆ. ಈ ಕೆಲಸದಲ್ಲಿರೋರು ಹೆಚ್ಚಿನವ್ರು ಸ್ವತಃ ಅಂಗವಿಕಲರು, ಯಾವ ಡಾಕ್ಟರ್ ಯಾವ ವಾರ ಸರ್ಟಿಫಿಕೇಟಿಗೆ ಕೂರ್ತಾರೆ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡಿಗೆ ಯಾವ ಕಾಗದ ಬೇಕು ಎಲ್ಲ ಬಾಯಲ್ಲೇ ಇರುತ್ತೆ. ಆಟಿಸಂ ಅಂತ ಬಂದ್ರೆ ಹೆದರ್ಬೇಡಿ, ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳೋ 21 ಬಗೆಗಳಲ್ಲಿ ಅದೂ ಇದೆ, ಸರ್ಟಿಫಿಕೇಟ್ ಸಿಗುತ್ತೆ, ನಿರಾಮಯ ಅಂತ 1 ಲಕ್ಷದವರೆಗಿನ ಆರೋಗ್ಯ ವಿಮೆ ಇದೆ, ಅದರಲ್ಲಿ ಥೆರಪಿ ಖರ್ಚಿಗೂ ಒಂದು ಪಾಲು ಇದೆ.

ಮೂರನೇದು ಬಿಇಒ, ಅಂದ್ರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿನ ಕಡೆ ಇರೋ ಸಂಪನ್ಮೂಲ ಕೇಂದ್ರ, ಬಿಆರ್‌ಸಿ. ಅಲ್ಲಿ ಬಿಐಇಆರ್‌ಟಿ ಅಂತ, ವಿಶೇಷ ಮಕ್ಕಳಿಗೇ ಇರೋ ಶಿಕ್ಷಕರು. ಇನ್ನೊಂದೆರಡು ವರ್ಷಕ್ಕೆ ಮಗಂಗೆ ಸ್ಕೂಲಿನ ವಯಸ್ಸು, ಈಗ್ಲೇ ಪರಿಚಯ ಇಟ್ಕೊಳ್ಳಿ. ಅವ್ರ ಹತ್ರ ಒಂದೇ ಒಂದು ಪ್ರಶ್ನೆ ತಪ್ಪದೆ ಕೇಳಿ, "ಈ ಊರಲ್ಲಿ ಇಂಥ ಮಗು ಇರೋ ಬೇರೆ ತಾಯಂದಿರು ಯಾರಿದಾರೆ?" ನಂಬರ್ ಕೊಡೋಕೆ ಹಿಂಜರಿದ್ರೆ ನಿಮ್ಮ ನಂಬರ್ ಬಿಟ್ಟು ಬನ್ನಿ. ಥೆರಪಿಗಿಂತ ಮೊದ್ಲು ನಿಮಗೆ ಬೇಕಾಗಿರೋದು ಇದು ಅನ್ಸುತ್ತೆ ನಂಗೆ. ಭಾಷೆ ಬಗ್ಗೆ ತಲೆ ಕೆಡಿಸ್ಕೋಬೇಡಿ, ರಾಯಚೂರು ಕಡೆಯೋರು ಜೋರಾಗಿ ಮಾತಾಡ್ತಾರೆ, ಮಂಡ್ಯದೋರೇನು ಕಮ್ಮಿನಾ, ಹೇಳಿ.

ರಜೇಲಿ ಮಂಡ್ಯಕ್ಕೆ ಬಂದಾಗ ಮೈಸೂರಿನ ಮಾನಸಗಂಗೋತ್ರೀಲಿರೋ ವಾಕ್ ಶ್ರವಣ ಸಂಸ್ಥೆಗೆ, ಅದೇ ಆಯಿಷ್‌ಗೆ, ಒಂದು ಸಲ ಕರ್ಕೊಂಡು ಹೋಗಿ ತೋರಿಸಿ. ಬೆಳಿಗ್ಗೆ ಬೇಗ ಹೋಗಿ, ಇಡೀ ದಿನ ಬೇಕು.

ಪ್ರಶ್ನೆ: ಬೆಂಗಳೂರಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆಗಿ ಹುಟ್ಟೂರು ಅರಸೀಕೆರೆಗೆ ಬಂದೆ. ಮೂವತ್ತೈದು ವರ್ಷದಲ್ಲಿ ಗುರುತಿನವ್ರೆಲ್ಲ ಊರು ಬಿಟ್ಟಿದಾರೆ. ಹೊತ್ತು ಹೋಗ್ತಿಲ್ಲ. ಹಿರಿಯರಿಗೆ ಇಲ್ಲಿ ಏನಾದ್ರೂ ಸೌಲಭ್ಯ ಇದ್ಯಾ? (62ರ ಮೇಷ್ಟ್ರು)

ಉತ್ತರ: ಸಾರ್, ಬಸ್ಸಲ್ಲಿ 25 ಪರ್ಸೆಂಟ್ ರಿಯಾಯ್ತಿ ಇದೆ, ಅದು ನಿಮಗೂ ಗೊತ್ತು, ಅದರಿಂದ ಹೊತ್ತು ಹೋಗಲ್ಲ ಅಂತ್ಲೂ ಗೊತ್ತು. ನಿವೃತ್ತ ನೌಕರರ ಸಂಘ ತಾಲೂಕು ಆಫೀಸ್ ಸುತ್ತಮುತ್ತ ವಿಚಾರಿಸಿದ್ರೆ ಸಿಗುತ್ತೆ, ಸಾಹಿತ್ಯ ಪರಿಷತ್ತಿನ ತಾಲೂಕು ಘಟಕ ಇರುತ್ತೆ, ಲೈಬ್ರರೀಲಿ ಪೇಪರ್ ಓದೋ ಗುಂಪು ಇದ್ದೇ ಇರುತ್ತೆ. ಆದ್ರೆ ನಿಮ್ಮ ಪತ್ರ ಓದಿ ನಂಗೆ ಅನ್ಸಿದ್ದು ಬೇರೆ, ನಿಮಗೆ ಸೌಲಭ್ಯ ಬೇಡ, ಕೆಲ್ಸ ಬೇಕು.

ಕೋರ್ಟ್ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತೆ. ಹೆಂಗಸರು ಬಂದ್ರೆ ಆದಾಯ ಎಷ್ಟಿದ್ರೂ ಕೇಳಲ್ಲ, ಮಕ್ಕಳು, ಪರಿಶಿಷ್ಟರು, ಅಂಗವಿಕಲರಿಗೂ ಹಾಗೇ, ವಕೀಲರನ್ನ ಪುಕ್ಕಟೆ ಕೊಡ್ತಾರೆ, 1987ರ ಕಾಯ್ದೆ ಅದು. ಊರಲ್ಲಿ ಮುಕ್ಕಾಲು ಪಾಲು ಜನಕ್ಕೆ ಇದು ಗೊತ್ತೇ ಇಲ್ಲ, ಕೋರ್ಟ್ ಗೇಟ್ ನೋಡಿದ್ರೇ ಹೆದರ್ತಾರೆ. ಜನಕ್ಕೂ ಈ ಸಮಿತಿಗೂ ಮಧ್ಯೆ ಓಡಾಡೋಕೆ ಅರೆಕಾನೂನು ಸ್ವಯಂಸೇವಕರು ಅಂತ ತಗೋತಾರೆ, ಪಿಎಲ್‌ವಿ ಅಂತಾರೆ, ವಕೀಲರೇ ಆಗ್ಬೇಕಂತಿಲ್ಲ, ನಿವೃತ್ತ ಶಿಕ್ಷಕರನ್ನೂ ತಗೋಬಹುದು ಅಂತ ಯೋಜನೇಲೇ ಇದೆ. ತರಬೇತಿ ಕೊಡ್ತಾರೆ, ಕೆಲ್ಸ ಮಾಡಿದ ದಿನಕ್ಕೆ ಸ್ವಲ್ಪ ಗೌರವಧನ. ಆಸ್ತಿ ಬರೆಸ್ಕೊಂಡು ಮಗ ಊಟ ಹಾಕ್ತಿಲ್ಲ ಅಂತ ಅಳೋ ಮುದುಕರು ಎಲ್ಲ ಊರಲ್ಲೂ ಇದಾರೆ, ಹಿರಿಯ ನಾಗರಿಕರ 2007ರ ಕಾಯ್ದೆ ಪ್ರಕಾರ ಎಸಿ, ಅಂದ್ರೆ ಉಪವಿಭಾಗಾಧಿಕಾರಿ ಆಫೀಸಿಗೆ ಒಂದು ಅರ್ಜಿ ಕೊಟ್ರೆ ತಿಂಗಳಿಗೆ 10,000 ರೂಪಾಯಿವರೆಗೂ ಜೀವನಾಂಶ ಕೊಡ್ಸೋಕೆ ದಾರಿ ಇದೆ, ಆದ್ರೆ ಆ ಅರ್ಜಿ ಬರ್ಕೊಡೋಕೆ ಒಬ್ರು ಬೇಕಲ್ಲ, ಕೈಬರಹ ಚೆನ್ನಾಗಿರೋ ಮೇಷ್ಟ್ರು.

ಹೊಸಬರನ್ನ ಯಾವಾಗ ತಗೋತಾರೆ ಅಂತ ಸಮಿತಿ ಆಫೀಸಲ್ಲೇ ಕೇಳಿ. ಹನ್ನೊಂದರ ಒಳಗೆ ಹೋಗಿ, ಕಲಾಪ ಶುರುವಾದ್ಮೇಲೆ ಯಾರೂ ಮಾತಿಗೆ ಸಿಗಲ್ಲ. ಆಧಾರು, ಎರಡು ಫೋಟೋ ಜೇಬಲ್ಲಿರ್ಲಿ.