ಮರ್ಸಿಡಿಸ್‌ಳ ಕಣ್ಣೀರು ಮತ್ತು ಮೀನಿನ ಲೆಕ್ಕ

ಹಾಸನದ ಓದುಗಿಯೊಬ್ಬರ ಪತ್ರ: "ಜಾಕ್ ಲಂಡನ್‌ನ ‘ದಿ ಕಾಲ್ ಆಫ್ ದಿ ವೈಲ್ಡ್’ ಓದಲು ಹಿಡಿದೆ. ಡೇವ್ ಎಂಬ ನಾಯಿ ಸಾಯುವ ಕಡೆ ಬಂದಾಗ ಮುಂದೆ ಓದಲಾಗಲಿಲ್ಲ. ಪುಸ್ತಕ ಮುಚ್ಚಿ, ನಮ್ಮ ಮನೆಯ ಎರಡೂ ನಾಯಿಗಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಮೂಕಪ್ರಾಣಿಗಳ ಮೇಲೆ ಇಷ್ಟು ಕ್ರೌರ್ಯ ತುಂಬಿದ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದೇ?"

ನೀವು ಅತ್ತಿದ್ದರಲ್ಲಿ ತಪ್ಪಿಲ್ಲ. ದೊಣ್ಣೆಯೇಟಿನ ಪುಟಗಳು ಎಂಟು ವರ್ಷದ ಮಗುವಿಗೆ ಜಾಸ್ತಿಯಾದಾವು, ಅದನ್ನೂ ಒಪ್ಪೋಣ. ಆದರೆ ನೀವು ಪುಸ್ತಕ ಮುಚ್ಚಿದ ಜಾಗ ಸರಿಯಿಲ್ಲ. ಪುಟ ತಿರುಗಿಸಿದ್ದರೆ ಮುಂದಿನ ಅಧ್ಯಾಯದಲ್ಲೇ ಮರ್ಸಿಡಿಸ್ ಸಿಗುತ್ತಿದ್ದಳು. ನಾಯಿಪ್ರಿಯರೆಲ್ಲ ಒಮ್ಮೆ ಭೇಟಿಯಾಗಲೇಬೇಕಾದ ಹೆಂಗಸು ಆಕೆ.

ಕೆನಡಾದ ಕ್ಲೊಂಡೈಕ್‌ನಲ್ಲಿ ಚಿನ್ನ ಸಿಕ್ಕಿದೆಯೆಂದು 1897ರಲ್ಲಿ ಜನ ಮುಗಿಬಿದ್ದ ಕಾಲದ ಕತೆ ಇದು. ಗಂಡ ಮತ್ತು ತಮ್ಮನ ಜೊತೆ ಹೊರಟ ಮರ್ಸಿಡಿಸ್‌ಗೆ ನಾಯಿಗಳೆಂದರೆ ಪ್ರಾಣ. ಚಾವಟಿ ಎತ್ತಬೇಡಿ ಎಂದು ಅಳುತ್ತಾಳೆ, ಕತೆಯ ನಾಯಕನಾದ ನಾಯಿ ಬಕ್‌ನ ಕೊರಳು ತಬ್ಬುತ್ತಾಳೆ. ನಾಯಿಗಳು ಎಳೆಯುವ ಅವರ ಹಿಮಗಾಡಿ ಮಾತ್ರ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಕಾರಣ ನಾಯಿಗಳ ಸೋಮಾರಿತನವಲ್ಲ. ನಿಂತ ಹಿಮಗಾಡಿಯ ಅಡಿಪಟ್ಟಿಗಳು ಹೆಪ್ಪುಗಟ್ಟಿ ನೆಲಕ್ಕೆ ಕಚ್ಚಿಕೊಂಡಿರುತ್ತವೆ. ಮುಂದಿನ ಕೋಲಿಗೆ ಮೈಭಾರ ಹಾಕಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಳ್ಳಿ ಮೊದಲು ಅದನ್ನು ಬಿಡಿಸಬೇಕು. ಇಷ್ಟನ್ನು ದಾರಿಬದಿಯಲ್ಲಿದ್ದವನೊಬ್ಬ ಹೇಳಿಕೊಡಬೇಕಾಗುತ್ತದೆ, ಅದೂ ನಾಯಿಗಳು ಏಟು ತಿಂದ ಮೇಲೆ.

ಮುಂದಿನದು ಬರೀ ತೂಕದ ಲೆಕ್ಕ. ಅಲ್ಲಿ ಎಳೆಯುವ ನಾಯಿಯ ದಿನದ ಪಡಿ ಒಂದು ಪೌಂಡ್ ಒಣಸಾಲ್ಮನ್ ಮೀನು, ಸುಮಾರು 450 ಗ್ರಾಂ. ದೊಡ್ಡ ಮೈಯ ಬಕ್‌ಗೆ ಒಂದೂವರೆ ಪೌಂಡ್. ಇವರು ಒಂದೇ ಗಾಡಿಗೆ ಹದಿನಾಲ್ಕು ನಾಯಿ ಕಟ್ಟುತ್ತಾರೆ. ದಿನಕ್ಕೆ ಆರು ಕಿಲೋ ಮೀರಿತು, ನಲವತ್ತು ದಿನಕ್ಕೆ 250 ಕಿಲೋ. ಹದಿನಾಲ್ಕು ನಾಯಿಗೆ ಬೇಕಾದ ಮೇವನ್ನು ಒಂದು ಗಾಡಿ ಹೊರಲಾರದು. ಸಾಲದ್ದಕ್ಕೆ, ಪಾಪ ಬಡಕಲಾಗಿವೆ ಎಂದು ಪಡಿಯನ್ನು ದುಪ್ಪಟ್ಟು ಮಾಡುತ್ತಾರೆ. ಅದೂ ಸಾಲದೆಂದು ಮರ್ಸಿಡಿಸ್ ಚೀಲದಿಂದ ಮೀನು ಕದ್ದು ಹಾಕುತ್ತಾಳೆ. ಕಾಲು ಭಾಗ ದಾರಿ ಸವೆಯುವಷ್ಟರಲ್ಲಿ ಅರ್ಧ ಮೇವು ಖಾಲಿ! ಆಮೇಲೆ ಉಪವಾಸ. ಹೊರಗಿನಿಂದ ತಂದ ಆರು ನಾಯಿಗಳಲ್ಲಿ ಮೊದಲು ನ್ಯೂಫೌಂಡ್‌ಲ್ಯಾಂಡ್, ಆಮೇಲೆ ಮೂರು ಪಾಯಿಂಟರ್, ಕೊನೆಗೆ ಎರಡು ಬೆರಕೆ ನಾಯಿ, ಸಾಲಾಗಿ ಸಾಯುತ್ತವೆ. ಅಷ್ಟಾದರೂ 120 ಪೌಂಡ್ ತೂಗುವ ಮರ್ಸಿಡಿಸ್ ಗಾಡಿಯಿಂದ ಇಳಿದು ನಡೆಯಲು ಒಪ್ಪುವುದಿಲ್ಲ. ಅಳುತ್ತಾಳೆ, ಇಳಿಯುವುದಿಲ್ಲ.

ಇದು ನೂರು ವರ್ಷದ ಹಿಂದಿನ ಅಮೆರಿಕದವರ ಪೆದ್ದುತನ ಎನ್ನಬೇಡಿ. ಸೊರಗಿದ ಬೀದಿನಾಯಿಯನ್ನು ಮನೆಗೆ ತಂದವರು ಮೊದಲು ಮಾಡುವುದೇನು? ತಟ್ಟೆ ತುಂಬ ಚಿಕನ್ ಅನ್ನ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಹೊಟ್ಟೆತುಂಬ ಹಾಕಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ದಿಢೀರನೆ ಇಳಿಯುತ್ತವೆ, ಹೃದಯ ತಾಳ ತಪ್ಪುತ್ತದೆ. ಹಸಿವಿನಲ್ಲಿ ಬದುಕಿದ್ದ ನಾಯಿ ಉಂಡ ಮೇಲೆ ಸಾಯುವುದು ಹೀಗೆ. ನೀರು ಮುಂದಿಡಿ. ಊಟವನ್ನು ಸಣ್ಣ ಸಣ್ಣ ಪಾಲು ಮಾಡಿ ದಿನಕ್ಕೆ ನಾಲ್ಕರಿಂದ ಆರು ಸಲ ಕೊಡಿ, ಪೂರ್ತಿ ಪ್ರಮಾಣಕ್ಕೆ ಬರಲು ಹಲವು ದಿನ ಹಿಡಿಯಲಿ. ಎಲುಬು ಎಣಿಸುವಂತಿದ್ದರೆ ಮೊದಲ ತುತ್ತಿಗೂ ಮುಂಚೆ ಪಶುವೈದ್ಯರು.

ಬೆಂಗಳೂರಿನ ಫ್ಲ್ಯಾಟುಗಳ ಹಸ್ಕಿಗಳದಂತೂ ಇನ್ನೊಂದು ಪುರಾಣ. ಹಿಮದಲ್ಲಿ ಮಲಗಲೆಂದು ಎರಡು ಪದರ ತುಪ್ಪಳ ಪಡೆದು ಬಂದ ಜೀವ ಅದು. ನಾಯಿಗೆ ಬೆವರು ಬರುವುದು ಅಂಗಾಲಿನಲ್ಲಿ ಅಷ್ಟಿಷ್ಟು, ಮಿಕ್ಕಿದ್ದೆಲ್ಲ ತೇಕಿಯೇ ತಣಿಸಿಕೊಳ್ಳಬೇಕು. ಏಪ್ರಿಲ್ ಬಂದರೆ ‘ಸೆಕೆ ಪಾಪ’ ಎಂದು ಬೋಳಿಸಿಬಿಡುತ್ತಾರೆ. ಹಾಗೆ ಮಾಡಿದರೆ ಚರ್ಮ ನೇರ ಬಿಸಿಲಿಗೆ ಬೀಳುತ್ತದೆ, ಕೂದಲು ಮತ್ತೆ ಸರಿಯಾಗಿ ಬಾರದೆಯೂ ಹೋಗಬಹುದು. ಉದುರುವ ಒಳತುಪ್ಪಳವನ್ನು ಬಾಚಿ ತೆಗೆದರೆ ಸಾಕು. ವಾಕಿಂಗ್‌ಗೆ ಮುಂಚೆ ಮುಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಒತ್ತಿ ಹಿಡಿಯಿರಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ತಡೆಯಲಾಗದು. ಇಷ್ಟೂ ಗೊತ್ತಿಲ್ಲದವರು ನಾಯಿಯ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುತ್ತಾರೆ!

ಪಾದ ಎಂದಾಗ ಅದೇ ಕಾದಂಬರಿಯಲ್ಲಿ ನಾಯಿಗಾಡಿ ಓಡಿಸುವ ಫ್ರಾಂಸ್ವಾ ನೆನಪಾಗುತ್ತಾನೆ. ಒರಟ, ನಾಲಿಗೆ ಹರಿತ. ಆದರೆ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಬಕ್‌ನ ಪಾದ ತಿಕ್ಕುತ್ತಾನೆ. ತನ್ನ ಚರ್ಮದ ಪಾದರಕ್ಷೆಯ ಮೇಲ್ಭಾಗ ಕತ್ತರಿಸಿ ಅದಕ್ಕೆ ನಾಲ್ಕು ಬೂಟು ಹೊಲಿಯುತ್ತಾನೆ. ಅಲಾಸ್ಕದ ಇಡಿಟರಾಡ್ ಎಂಬ ನಾಯಿಗಾಡಿ ಓಟದಲ್ಲಿ ಈಗಲೂ ನಾಯಿಗೆ ಎಂಟರಂತೆ ಬಟ್ಟೆಯ ಬೂಟು ಇರಲೇಬೇಕೆಂಬ ನಿಯಮವಿದೆ. ಬೆರಳ ಸಂದಿಯಲ್ಲಿ ಮಂಜು ಗಂಟುಗಟ್ಟಿ ಚರ್ಮ ಸೀಳಿತೋ, ಎಂಥ ಗಟ್ಟಿ ನಾಯಿಯೂ ಅಲ್ಲಿಗೆ ಮುಗಿಯಿತು.

ಇನ್ನು ನಿಮ್ಮ ಡೇವ್. ಒಳಗೇನೋ ಕೆಟ್ಟಿದೆ ಎಂದು ಗಾಡಿಯವನು ಅದನ್ನು ಬಿಚ್ಚಿ ಸುಮ್ಮನೆ ಹಿಂದೆ ಬರಲು ಬಿಡುತ್ತಾನೆ. ನೀವಾಗಲಿ ಬೇರೆ ಯಾರಾಗಲಿ ಮಾಡುತ್ತಿದ್ದುದೂ ಅದನ್ನೇ. ಡೇವ್ ಮಾತ್ರ ತನ್ನ ಜಾಗದಲ್ಲಿ ನಿಂತ ಸೋಲೆಕ್ಸ್ ಎಂಬ ನಾಯಿಯ ಮಿಣಿಯನ್ನು ಕಚ್ಚಿ ಕತ್ತರಿಸಿ, ಗಾಡಿಯ ಮುಂದೆ ಅದೇ ಜಾಗದಲ್ಲಿ ಹೋಗಿ ನಿಲ್ಲುತ್ತದೆ. ನೋಡಿದವರು ತಮ್ಮೊಳಗೆ ಮಾತಾಡಿಕೊಂಡು ಮತ್ತೆ ಅದನ್ನು ಅಲ್ಲೇ ಕಟ್ಟುತ್ತಾರೆ. ನೀವು ಕ್ರೌರ್ಯ ಎಂದಿರಿ. ಇಡೀ ಪುಸ್ತಕದಲ್ಲಿ ನಾಯಿಯ ಮಾತನ್ನು ಮನುಷ್ಯರು ಇಷ್ಟು ಸರಿಯಾಗಿ ಕೇಳಿಸಿಕೊಂಡ ಜಾಗಗಳು ಕಡಿಮೆ.

ಮಕ್ಕಳಿಗೆ ಹನ್ನೆರಡು ದಾಟಿದ ಮೇಲೆ ಕೊಡಿ, ಜೊತೆಗೆ ಕೂತು ಓದಿ, ಮೀನಿನ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ. ಹಾಗೇ ಇವತ್ತು ನಿಮ್ಮ ಎರಡೂ ನಾಯಿಗಳ ಮುಂಗಾಲಿನ ಒಳಬದಿ ನೋಡಿ. ಹೆಬ್ಬೆರಳಿನಂತೆ ಮೇಲುಳಿದ ಒಂದು ಉಗುರು ಇರುತ್ತದೆ. ಅದು ನೆಲಕ್ಕೆ ತಾಗದ್ದರಿಂದ ಸವೆಯುವುದಿಲ್ಲ, ಬಿಟ್ಟರೆ ಸುರುಳಿಯಾಗಿ ಮಾಂಸಕ್ಕೇ ಚುಚ್ಚಿಕೊಳ್ಳುತ್ತದೆ. ತುದಿಯನ್ನಷ್ಟೇ ಕತ್ತರಿಸಿ. ಒಳಗಿನ ಗುಲಾಬಿ ಭಾಗಕ್ಕೆ ತಾಗಿದರೆ ರಕ್ತ ಬರುತ್ತದೆ, ಮುಂದಿನ ಸಲ ಕಾಲು ಕೊಡುವುದಿಲ್ಲ.

— ಸಂ.