ಲೆಕ್ಕ ತಪ್ಪಿದರೆ ಚಿತ್ರ ಕೆಡಬೇಕು

ಪ್ರಾಥಮಿಕ ತರಗತಿಯಲ್ಲಿ ಚಿತ್ರಕಲೆ, ಕೈಕೆಲಸದ ಮೂಲಕ ಗಣಿತ ಕಲಿಸುವ ಬಗ್ಗೆ ಬಂದ ಮೂರು ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಗಣಿತಕ್ಕೆ ಕಲೆಯನ್ನು ಸೇರಿಸಿ ಎಂದು ತರಬೇತಿಯಲ್ಲಿ ಹೇಳಿದರು. ಅಂಕಿಯ ಮೇಲೆ ಕಾಳು ಅಂಟಿಸುವುದು, ಉತ್ತರಕ್ಕೆ ತಕ್ಕ ಬಣ್ಣ ತುಂಬುವುದು ಎಲ್ಲ ಮಾಡಿಸಿದೆ. ಮಕ್ಕಳಿಗೆ ಖುಷಿಯೋ ಖುಷಿ. ಲೆಕ್ಕ ಮಾತ್ರ ಇದ್ದಲ್ಲೇ ಇದೆ. ಏನು ಮಾಡಲಿ?
(ಶಿಕ್ಷಕಿ, ಹಾವೇರಿ ಜಿಲ್ಲೆ)

ಉತ್ತರ: ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ. ಚಟುವಟಿಕೆಯ ಆಯ್ಕೆ ಬದಲಾಗಬೇಕು ಅಷ್ಟೆ. 5ರ ಮೇಲೆ ಕಡಲೆಕಾಳು ಅಂಟಿಸುವ ಮಗುವಿನ ಗಮನವೆಲ್ಲ ಅಂಟಿನ ಮೇಲೆ, ಗೆರೆಯ ಮೇಲೆ ಇರುತ್ತದೆ. ಐದರ ಬಗ್ಗೆ ಯೋಚಿಸುವ ಅಗತ್ಯವೇ ಅದಕ್ಕೆ ಬರುವುದಿಲ್ಲ. ಇಪ್ಪತ್ತು ಕಾಳು ಹಿಡಿಸಿದರೂ ಅದು ಐದೇ ಅಲ್ವಾ? ಬಣ್ಣ ತುಂಬುವ ಹಾಳೆಯಲ್ಲೂ ಲೆಕ್ಕ ಮೊದಲೇ ಮುಗಿದಿರುತ್ತದೆ, ಬಣ್ಣ ಆಮೇಲೆ ಸಿಗುವ ಬಹುಮಾನ. ಚಟುವಟಿಕೆ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಲೆಕ್ಕ ತಪ್ಪಿದರೆ ಚಿತ್ರ ಕೆಡುತ್ತದೆಯೇ? ಕೆಡುವಂಥದ್ದಾದರೆ ಮಗು ತಾನಾಗಿಯೇ ಲೆಕ್ಕಕ್ಕೆ ಇಳಿಯುತ್ತದೆ.

ಇದಕ್ಕೆ ಚುಕ್ಕಿ ರಂಗೋಲಿಯಷ್ಟು ಒಳ್ಳೆಯ ಸಾಮಗ್ರಿ ನನಗೆ ಗೊತ್ತಿಲ್ಲ. ಖರ್ಚಿಲ್ಲ, ಅಂಗಳ ಇದೆ, ಸೀಮೆಸುಣ್ಣ ಇದೆ. ‘ಸಂದು ಚುಕ್ಕಿ, 7ರಿಂದ 4’ ಎಂದು ಶುರು ಮಾಡಿ. ನಡುವಿನ ಸಾಲಿನಲ್ಲಿ 7 ಚುಕ್ಕಿ. ಅದರ ಮೇಲೆ, ಕೆಳಗೆ ಸಂದಿಗೊಂದರಂತೆ ಚುಕ್ಕಿ ಇಡುತ್ತಾ ಹೋಗಬೇಕು. ಇಡುವ ಮೊದಲೇ ಕೇಳಿ: ‘ಮುಂದಿನ ಸಾಲಿಗೆ ಎಷ್ಟು ಬರುತ್ತೆ?’ ಏಳು ಚುಕ್ಕಿಯ ನಡುವೆ ಆರೇ ಸಂದಿ ಇರುವುದು ಮಗುವಿಗೆ ಅಲ್ಲೇ ಕಾಣುತ್ತದೆ. ಎರಡೂ ಕಡೆ 4 ಬಂದಾಗ ನಿಲ್ಲಿಸಿ. ಆರು ಮೂಲೆಯ ಆಕಾರ ತಯಾರು.

ಈಗ ನಿಜವಾದ ಪಾಠ. ಒಟ್ಟು ಎಷ್ಟು ಚುಕ್ಕಿ? ಒಂದೊಂದೇ ಎಣಿಸುವಂತಿಲ್ಲ ಎಂದು ಷರತ್ತು ಹಾಕಿ, ಸುಮ್ನೆ ಕಾಯಿರಿ. ಸಾಲುಗಳು 4, 5, 6, 7, 6, 5, 4. ಒಬ್ಬರು ಮೇಲಿನ ಭಾಗ 15, ಕೆಳಗಿನದು 15, ನಡುವೆ 7 ಅನ್ನುತ್ತಾರೆ. ಇನ್ನೊಬ್ಬರು ಮೇಲಿನ 4ನ್ನು ಕೆಳಗಿನ 6ರ ಜೊತೆ ಸೇರಿಸಿ ಹತ್ತು ಮಾಡುತ್ತಾರೆ. ಹಾಗೆ ಎರಡು ಹತ್ತು, 5 ಮತ್ತು 5 ಸೇರಿ ಮೂರನೇ ಹತ್ತು, ಉಳಿದದ್ದು 7. ಎರಡು ದಾರಿಗೂ ಉತ್ತರ 37. ಯಾರ ದಾರಿ ಸುಲಭ ಎಂದು ಮಕ್ಕಳೇ ವಾದ ಮಾಡಲಿ. ಹತ್ತು ಮಾಡಿಕೊಂಡು ಕೂಡಿಸುವುದನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಹೇಳಿದರೂ ಈ ವಾದದ ಗಟ್ಟಿತನ ಬರುವುದಿಲ್ಲ.

ಇನ್ನೊಂದು ದಿನ ನೇರ ಚುಕ್ಕಿ, 7ರಿಂದ 1. ಎರಡೂ ತುದಿಯಲ್ಲಿ ಒಂದೊಂದು ಬಿಟ್ಟುಕೊಂಡು ಹೋದರೆ 1, 3, 5, 7, 5, 3, 1. ಎಲ್ಲ ಬೆಸಸಂಖ್ಯೆ. ಒಟ್ಟು 25. ಇದನ್ನು ಪುಸ್ತಕದಲ್ಲಿ ಹಾಕಿಸಿ, ಪುಸ್ತಕವನ್ನು ಸ್ವಲ್ಪ ಓರೆಯಾಗಿ ತಿರುಗಿಸಲು ಹೇಳಿ. ಅದೇ ಚುಕ್ಕಿಗಳು 4, 3, 4, 3, 4, 3, 4 ಆಗಿ ಕಾಣುತ್ತವೆ. ನಾಲ್ಕು ನಾಲ್ಕಲಿ ಹದಿನಾರು, ಮೂರು ಮೂರಲಿ ಒಂಬತ್ತು. ಮಗ್ಗಿ ಇಲ್ಲಿ ಕಣ್ಣಿಗೇ ಬೀಳುತ್ತದೆ. ಇದನ್ನು ಮೊದಲೇ ಹೇಳಿಬಿಡಬೇಡಿ, ದಯವಿಟ್ಟು. ಯಾರಾದರೂ ಒಂದು ಮಗು ಕಂಡುಹಿಡಿಯುವವರೆಗೆ ತಡೆದುಕೊಳ್ಳಿ.

ರಂಗೋಲಿ ಹೆಣ್ಣುಮಕ್ಕಳ ಕೆಲಸ ಎಂದು ಹುಡುಗರು ದೂರ ನಿಂತರೆ, ಮೊದಲ ಚುಕ್ಕಿ ಇಡುವ ಕೆಲಸವನ್ನೇ ಅವರಿಗೆ ಕೊಡಿ. ಲೆಕ್ಕ ತಪ್ಪಿ ಮೂಲೆ ಸೊಟ್ಟಗಾದರೆ ಸರಿಮಾಡಲು ಅವರೇ ಮುಂದೆ ಬರುತ್ತಾರೆ.

ಪ್ರಶ್ನೆ: 1/3 ಮತ್ತು 1/4ರಲ್ಲಿ ಯಾವುದು ದೊಡ್ಡದು ಎಂದರೆ ನನ್ನ ನಾಲ್ಕನೇ ತರಗತಿಯ ಹೆಚ್ಚಿನ ಮಕ್ಕಳು 1/4 ಅನ್ನುತ್ತಾರೆ. ಬಣ್ಣದ ಕಾಗದದ ವೃತ್ತ ಕತ್ತರಿಸಿ ತೋರಿಸಿದರೂ ಪ್ರಯೋಜನವಾಗಲಿಲ್ಲ.
(ಶಿಕ್ಷಕರು, ತುಮಕೂರು)

ಉತ್ತರ: ಮಕ್ಕಳ ಉತ್ತರಕ್ಕೆ ಕಾರಣ ಇದೆ. ಇಲ್ಲಿಯವರೆಗೆ ಅವರು ಕಲಿತ ಎಲ್ಲ ಲೆಕ್ಕದಲ್ಲೂ 3ಕ್ಕಿಂತ 4 ದೊಡ್ಡದು. ನೀವು ಕತ್ತರಿಸಿ ತೋರಿಸಿದ್ದು ಸಾಲದು, ಅವರೇ ಮಡಚಬೇಕು. ವೃತ್ತವನ್ನು ಮೂರು ಸಮಪಾಲು ಮಾಡುವುದು ದೊಡ್ಡವರಿಗೂ ಕಷ್ಟ, ಅದನ್ನು ಬಿಡಿ. ಆಗಸ್ಟ್ 15ಕ್ಕೆ ಶಾಲೆಯಲ್ಲಿ ತೋರಣಕ್ಕೆ ಕತ್ತರಿಸುತ್ತೀರಲ್ಲ, ಅಂಥ ಕಾಗದದ ಪಟ್ಟಿ ಸಾಕು. ಎಲ್ಲರಿಗೂ ಒಂದೇ ಉದ್ದದ್ದು ಕೊಡಿ. ಒಂದನ್ನು ಎರಡು, ಇನ್ನೊಂದನ್ನು ನಾಲ್ಕು ಭಾಗ ಮಾಡುವುದು ಸುಲಭ. ಮೂರು ಮಾಡಲು ಹೇಳಿದಾಗ ಒದ್ದಾಟ ಶುರುವಾಗುತ್ತದೆ. ಒದ್ದಾಡಲಿ ಬಿಡಿ. ಒಂದು ತುದಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಮಡಚಿ, ಮೂರೂ ಪದರ ಸಮ ಬರುವವರೆಗೆ ಸರಿಸಿ, ಆಮೇಲೆ ಒತ್ತಬೇಕು ಎಂದು ಯಾರಿಗಾದರೂ ಹೊಳೆಯುತ್ತದೆ. ಭಾಗ ಜಾಸ್ತಿಯಾದಷ್ಟೂ ತುಂಡು ಚಿಕ್ಕದಾಗುವುದನ್ನು ಬೆರಳೇ ಕಲಿಯುತ್ತದೆ. ಬಣ್ಣ ಹಚ್ಚಿ, ಪಟ್ಟಿಗಳನ್ನು ಒಂದರ ಕೆಳಗೊಂದು ಗೋಡೆಗೆ ಅಂಟಿಸಿದರೆ ವರ್ಷವಿಡೀ ನೋಡಲು ಸಿಗುತ್ತದೆ.

ಆಮೇಲೆ ಚೌಕ ಕಾಗದ ಕೊಟ್ಟು, ಬೇರೆಬೇರೆ ರೀತಿಯಲ್ಲಿ ಕಾಲುಭಾಗ ಮಾಡಿ ಎಂದು ಹೇಳಿ. ಉದ್ದನೆಯ ನಾಲ್ಕು ಪಟ್ಟಿ, ನಾಲ್ಕು ಚಿಕ್ಕ ಚೌಕ, ಕರ್ಣಗಳಲ್ಲಿ ಮಡಚಿದ ನಾಲ್ಕು ತ್ರಿಕೋನ. ಈಗ ಕೇಳಿ: ಈ ತ್ರಿಕೋನ ದೊಡ್ಡದೋ, ಆ ಚಿಕ್ಕ ಚೌಕ ದೊಡ್ಡದೋ? ತರಗತಿ ಎರಡು ಪಕ್ಷವಾಗುತ್ತದೆ. ತ್ರಿಕೋನವನ್ನು ಅದರ ತುದಿಯಿಂದ ಬುಡದ ನಡುವಿಗೆ ಕತ್ತರಿಸಿ, ಎರಡು ತುಂಡುಗಳ ಉದ್ದನೆಯ ಅಂಚು ಜೋಡಿಸಿದರೆ ಅದೇ ಚೌಕ ಎದುರಿಗೆ ಬರುತ್ತದೆ. ಆಕಾರ ಬೇರೆಯಾದರೂ ಪಾಲು ಒಂದೇ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ.

ಒಂದು ಎಚ್ಚರಿಕೆ. ಆಯತದ ಹಾಳೆಯನ್ನು ಕರ್ಣದಲ್ಲಿ ಮಡಚಿ ‘ಸಮಮಿತಿ’ ಎಂದು ತೋರಿಸುವುದನ್ನು ಕೆಲವು ಕಡೆ ನೋಡಿದ್ದೇನೆ. ಮಡಚಿ ನೋಡಿ, ಮೂಲೆಗಳು ಒಂದರ ಮೇಲೊಂದು ಕೂರುವುದಿಲ್ಲ. ಎರಡು ಭಾಗ ಸಮವೇ, ಆದರೆ ಕತ್ತರಿಸಿ, ಒಂದನ್ನು ತಿರುಗಿಸಿ ಇಟ್ಟರೆ ಮಾತ್ರ ಹೊಂದುತ್ತವೆ. ಆಯತಕ್ಕೆ ಸಮಮಿತಿಯ ಗೆರೆ ಎರಡೇ, ಚೌಕಕ್ಕೆ ನಾಲ್ಕು.

ಪ್ರಶ್ನೆ: ಮಗಳು ಐದನೇ ತರಗತಿ. ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. ಗಣಿತ ಅಂದರೆ ಕಣ್ಣಲ್ಲಿ ನೀರು. ಮನೆಯಲ್ಲಿ ಏನು ಮಾಡಿಸಬಹುದು?
(ತಾಯಿ, ಧಾರವಾಡ)

ಉತ್ತರ: ನಿಮ್ಮೂರಲ್ಲೇ ಕಸೂತಿ ಇದೆಯಲ್ಲ! ನಮ್ಮ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇರಲಿಲ್ಲ, ಎಳೆ ಎಣಿಸಿಯೇ ಹೊಲಿಗೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯಿಂದ ಶುರು ಮಾಡಿ. ಚೌಕುಳಿ ಪುಸ್ತಕದಲ್ಲಿ ಹತ್ತು ಮನೆ ಉದ್ದದ ಗೆರೆ ಹಾಕಿ, ಮನೆಗಳಿಗೆ ಸಂಖ್ಯೆ ಕೊಡಿ. ಸೂಜಿ ಹೋಗುವಾಗ ಬಟ್ಟೆಯ ಮೇಲೆ ಕಾಣುವ ದಾರ 1, 3, 5, 7, 9ರಲ್ಲಿ. ವಾಪಸು ಬರುವಾಗ ತುಂಬುವುದು 10, 8, 6, 4, 2. ಒಂದೇ ದಾರದಲ್ಲಿ ಬೆಸ, ಸಮ ಎರಡೂ. ಒಂದು ಮನೆ ತಪ್ಪಿದರೂ ವಾಪಸು ಬರುವಾಗ ದಾರ ಹೇಳಿಬಿಡುತ್ತದೆ.

ಆಮೇಲೆ ಅದೇ ಪುಸ್ತಕದಲ್ಲಿ ಕೂಡಿಸುವ ಚಿಹ್ನೆಯಂಥ ಪುಟ್ಟ ಹೂವು ಬಿಡಿಸಲಿ. ಐದು ಚೌಕ ಹಿಡಿಯುತ್ತದೆ. ಉದ್ದ, ಅಗಲ ಎರಡನ್ನೂ ದುಪ್ಪಟ್ಟು ಮಾಡಿದರೆ ಎಷ್ಟು ಚೌಕ ಬೇಕು ಎಂದು ಮೊದಲು ಊಹಿಸಲು ಹೇಳಿ. ಹತ್ತು ಅನ್ನಬಹುದು. ಬಿಡಿಸಿದಾಗ 20 ಬರುತ್ತದೆ. ಮೂರು ಪಟ್ಟು ಮಾಡಿದರೆ 45. ಇದೇಕೆ ಹೀಗೆ ಎಂದು ಅವಳು ಕೇಳಿದ ಗಳಿಗೆಯಲ್ಲಿ ವಿಸ್ತೀರ್ಣದ ಪಾಠ ತೆರೆಯಿರಿ. ಮಗ್ಗಿ, ಅಭ್ಯಾಸದ ಲೆಕ್ಕ ಇದರಿಂದ ತಪ್ಪುವುದಿಲ್ಲ, ಅವೂ ಬೇಕು.

ವಾರಕ್ಕೆ ಒಂದು ಸಲ ಇಷ್ಟು ಮಾಡಿದರೆ ಸಾಕು. ಉಳಿದ ದಿನ ಅವಳ ಚಿತ್ರ ಅವಳ ಪಾಡಿಗೆ ಇರಲಿ. ಅದರಲ್ಲಿ ಎಷ್ಟು ತ್ರಿಕೋನ ಇದೆ ಎಂದು ಕೇಳಲು ಹೋಗಬೇಡಿ.