ಮುಂಬೈ ಫ್ಲ್ಯಾಟ್‌ನಲ್ಲಿ ರೇಡಿಯೋ ಸಂಗ್ರಹ ಸಾಧ್ಯವೇ? ಮೊದಲ ಸೆಟ್ ಯಾವುದಿರಲಿ?

ಒಂದೇ ಬೆಡ್‌ರೂಮಿನ ಮನೆಯಲ್ಲಿ ಹಳೆಯ ರೇಡಿಯೋಗಳನ್ನು ಸಂಗ್ರಹಿಸಬಹುದೇ, ಎಲ್ಲಿಂದ ಶುರುಮಾಡಬೇಕು, ಪೊಲೀಸ್ ವೈರ್‌ಲೆಸ್ ಕೇಳಿಸುವ ಸ್ಕ್ಯಾನರ್ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ.

ಸ್ಕ್ಯಾನರಿನ ಆಸೆಯನ್ನು ಇಲ್ಲಿಗೇ ಬಿಟ್ಟುಬಿಡಿ. ಅಮೆರಿಕದ ಹವ್ಯಾಸಿಗಳು ಬೇರ್‌ಕ್ಯಾಟ್ ಕಂಪನಿಯ ಸ್ಕ್ಯಾನರುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡು ಅಗ್ನಿಶಾಮಕ ದಳದ ಮಾತುಕತೆ ಕೇಳುತ್ತಾರೆ, ನಿಜ. ನಮ್ಮ ಕಾನೂನಿನ ಜಾಯಮಾನವೇ ಬೇರೆ. 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ, ಉಪಕರಣವನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೇ ಪರವಾನಗಿ ಕೇಳುತ್ತಿತ್ತು. ರೇಡಿಯೋ ಸಿಲೋನ್ ಹಾಡಿಗೆ ಕಿವಿಗೊಡುವ ಸಂಸಾರಸ್ಥರೂ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟಿ ಬರಬೇಕಿತ್ತು. ಮನೆ ರೇಡಿಯೋಗೆ ಆ ಕಾಟ ಎಂಬತ್ತರ ದಶಕದಲ್ಲಿ ತಪ್ಪಿತು. ಪೊಲೀಸರ ಮಾತನ್ನು ಕದ್ದು ಕೇಳಲು ಮಾತ್ರ ಅಂದೂ ಅನುಮತಿ ಇರಲಿಲ್ಲ, ಇಂದೂ ಇಲ್ಲ. ಅಷ್ಟೊಂದು ಸೆಳೆತವಿದ್ದರೆ ಹ್ಯಾಮ್ ರೇಡಿಯೋ (ಹವ್ಯಾಸಿಗಳ ಅಧಿಕೃತ ವೈರ್‌ಲೆಸ್) ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಿರಿ, ರಾಜಮಾರ್ಗ ಅದು.

ಜಾಗದ ಚಿಂತೆ ಬೇಡ. ನಾನು ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಿಮಗಿಂತ ಚಿಕ್ಕ ಮನೆಯಲ್ಲಿದ್ದಾಗಲೇ ಈ ಹುಚ್ಚು ಹಚ್ಚಿಕೊಂಡವನು. ನನ್ನದೊಂದು ಕಟ್ಟುನಿಟ್ಟು ಇದೆ: ಹಾಡದ ಸೆಟ್ ಮನೆಯಲ್ಲಿ ಉಳಿಯಕೂಡದು. ರಿಪೇರಿಯಾಗಬೇಕು, ಇಲ್ಲವೇ ಬಿಚ್ಚಿ ಇನ್ನೊಂದಕ್ಕೆ ಬಿಡಿಭಾಗವಾಗಬೇಕು. ಷೋಕೇಸಿನಲ್ಲಿ ಕುಳಿತು ಧೂಳು ತಿನ್ನುವ ರೇಡಿಯೋ ನನ್ನ ಲೆಕ್ಕದಲ್ಲಿ ಬರೀ ಪೀಠೋಪಕರಣ. ಇಷ್ಟು ಪಾಲಿಸಿದರೆ ಕಪಾಟು ತಾನಾಗಿಯೇ ಹತೋಟಿಯಲ್ಲಿರುತ್ತದೆ.

ಹಳೆ ಸಾಮಾನಿನ ಚೋರ್ ಬಜಾರಿನ ಮಟನ್ ಸ್ಟ್ರೀಟ್‌ಗೆ ಹೋದರೆ ಮರ್ಫಿ, ಬುಷ್, ಫಿಲಿಪ್ಸ್ ವಾಲ್ವ್ ಸೆಟ್‌ಗಳು (ಟ್ರಾನ್ಸಿಸ್ಟರಿಗೂ ಮುಂಚಿನ, ಗಾಜಿನ ಕೊಳವೆಗಳ ರೇಡಿಯೋಗಳು) ಕಣ್ಣು ಕುಕ್ಕುವಂತೆ ಪಾಲಿಶ್ ಹೊಡೆಸಿಕೊಂಡು ಕುಳಿತಿರುತ್ತವೆ. ಹೊಳಪು ಹೆಚ್ಚಿದಷ್ಟೂ ನಿಮ್ಮ ಸಂಶಯವೂ ಹೆಚ್ಚಲಿ. ಹಿಂಬದಿಯ ರಟ್ಟನ್ನು ಬಿಚ್ಚಿ ತೋರಿಸಿ ಎನ್ನಿ. ಒಲ್ಲೆ ಎಂದರೆ ಮುಂದಿನ ಅಂಗಡಿ. ಎಷ್ಟೋ ಪೆಟ್ಟಿಗೆಗಳಲ್ಲಿ ಅಸಲಿ ಚಾಸಿಸ್ (ಬಿಡಿಭಾಗಗಳನ್ನು ಕೂರಿಸಿದ ಲೋಹದ ತಟ್ಟೆ) ಮಾಯವಾಗಿ ಬ್ಲೂಟೂತ್ ಬೋರ್ಡು ಬಂದು ಕುಳಿತಿದೆ. ಅಸಲಿಯಾದರೆ ಇಸಿಎಚ್81, ಇಬಿಎಫ್89, ಇಎಲ್84 ಮುಂತಾಗಿ ಅಚ್ಚಾದ ಗಾಜಿನ ವಾಲ್ವ್‌ಗಳು ಕಾಣಬೇಕು. ಟ್ರಾನ್ಸ್‌ಫಾರ್ಮರಿನ ಹತ್ತಿರ ಮೂಗು ಒಯ್ದು ಮೂಸಿ ನೋಡಿ. ಸುಟ್ಟ ವಾರ್ನಿಷಿನ ವಾಸನೆ ಬಂದರೆ ಅರ್ಧ ಬೆಲೆಗೂ ಬೇಡ. ಡಯಲ್ ದಾರ ತುಂಡಾಗಿದ್ದರೆ ಅದೇನೂ ದೊಡ್ಡ ವಿಷಯವಲ್ಲ, ಚೌಕಾಸಿಗೆ ಒಳ್ಳೆಯ ನೆಪ.

ಮನೆಗೆ ತಂದ ಸಂಭ್ರಮದಲ್ಲಿ ಪ್ಲಗ್ ಚುಚ್ಚಬೇಡಿ. ವರ್ಷಗಟ್ಟಲೆ ಕರೆಂಟ್ ಕಾಣದ ಕಂಡೆನ್ಸರ್‌ಗಳು (ವಿದ್ಯುತ್ ಹಿಡಿದಿಡುವ ಬಿಡಿಭಾಗಗಳು) ಒಳಗೇ ಒಣಗಿರುತ್ತವೆ. 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವಂತೆ, ಹಾಕಿ ಕರೆಂಟ್ ಕೊಡಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಮುಂದುವರಿಯಬಹುದು. ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಆಗಿದೆ. ಆದರೆ ಅದಕ್ಕೂ ಮೊದಲು ಸ್ಪೀಕರ್ ನಡೆಸುವ ಇಎಲ್84ರ ಗ್ರಿಡ್‌ಗೆ (ಸಂಕೇತ ಒಳಬರುವ ತುದಿಗೆ) ಹೋಗುವ ಕಾಗದದ ಕಂಡೆನ್ಸರ್ ಬದಲಿಸಿ. ಅದು ಸೋರಿದರೆ ಹಿಂದಿನ ವಾಲ್ವಿನ ಹೈವೋಲ್ಟೇಜ್ ಗ್ರಿಡ್‌ಗೆ ನುಗ್ಗಿ, ವಾಲ್ವ್ ಕಾದು ಕೆಂಪಾಗಿ, ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಟ್ಟುಕೊಂಡು ಹೋಗುತ್ತದೆ. ಎಲೆಕ್ಟ್ರಾನಿಕ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ವಸ್ತು ಅದು. ಸ್ವಿಚ್ ಆರಿಸಿದ ಮೇಲೂ ಚಾಸಿಸ್‌ಗೆ ಕೈ ಹಾಕಬೇಡಿ, ಕಂಡೆನ್ಸರ್‌ಗಳಲ್ಲಿ ಕರೆಂಟ್ ಕಾದು ಕುಳಿತಿರುತ್ತದೆ.

ಇಷ್ಟೆಲ್ಲ ಹೇಳಿಯೂ ನಿಮಗೆ ಮೊದಲಿಗೆ ವಾಲ್ವ್ ಸೆಟ್ ಬೇಡವೆನ್ನುತ್ತೇನೆ. ಗುಜರಿಯವನ ಹತ್ತಿರ ಸಿಗುವ ಮೂರು ಬ್ಯಾಂಡಿನ ಟ್ರಾನ್ಸಿಸ್ಟರ್ ಕೊಳ್ಳಿ. ಬ್ಯಾಟರಿಯಲ್ಲಿ ನಡೆಯುತ್ತದೆ, ಶಾಕ್ ಹೊಡೆಯುವುದಿಲ್ಲ, ಕೇಳುವ ಕಿವಿಯನ್ನು ತಯಾರು ಮಾಡುತ್ತದೆ. ಎಷ್ಟೋ ವರ್ಷ ನಾನು ಸೆಟ್ಟಿನ ಯೋಗ್ಯತೆ ಅಳೆದದ್ದು ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರದ 765 ಕಿಲೋಹರ್ಟ್ಸ್ ಮೇಲೆ. ಹಗಲಲ್ಲಿ ಮೀಡಿಯಂ ವೇವ್ ಅಲೆಗಳನ್ನು ವಾತಾವರಣದ ಮೇಲಿನ ಡಿ ಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಅಲೆಗಳು ಇನ್ನೂ ಎತ್ತರದಿಂದ ಪುಟಿದು ದೂರದ ಊರು ತಲುಪುತ್ತವೆ. ಒಳ್ಳೆಯ ಸೆಟ್ಟಿನಲ್ಲಿ ಧಾರವಾಡದ ವಾರ್ತೆ ಏರುತ್ತ ಇಳಿಯುತ್ತ ಡೊಂಬಿವಲಿಯ ಅಡುಗೆಮನೆಗೆ ಬರುತ್ತಿತ್ತು, ಕೆಟ್ಟದ್ದರಲ್ಲಿ ಬರೀ ಗೊರಗೊರ.

ಈಗ ಆ ಗೊರಗೊರಕ್ಕೆ ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್, ಕಟ್ಟಡದ ಲಿಫ್ಟು ಎಲ್ಲವೂ ಸೇರಿಕೊಂಡಿವೆ. ಸೆಟ್ಟನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ತಿರುಗಿಸಿ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಗದ್ದಲದ ಮೂಲಕ್ಕೆ ಮುಖಮಾಡಿದ ಕ್ಷಣ ಗದ್ದಲ ತಗ್ಗುತ್ತದೆ, ನಿಲಯ ಮೇಲೇಳುತ್ತದೆ. ಈ ಕೈಚಳಕ ಬಂದವರಿಗೆ ದುಬಾರಿ ಸೆಟ್ಟಿನ ಅಗತ್ಯ ಕಡಿಮೆ.

ಶಾರ್ಟ್‌ವೇವ್ ಡಯಲ್‌ನಲ್ಲಿ ಮೀಟರಿನ ಲೆಕ್ಕವಿದ್ದರೆ ಮುಳ್ಳನ್ನು 42ರ ಬಳಿ ಒಯ್ದು ನೋಡಿ. 1942ರ ಆಗಸ್ಟ್ 27ರಿಂದ ಸ್ವಾತಂತ್ರ್ಯ ಹೋರಾಟಗಾರ್ತಿ ಉಷಾ ಮೆಹ್ತಾ ಮತ್ತು ಸಂಗಡಿಗರು ಇದೇ ಮುಂಬೈಯಲ್ಲಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತ, 42.34 ಮೀಟರಿನಲ್ಲಿ ಗುಪ್ತ ಕಾಂಗ್ರೆಸ್ ರೇಡಿಯೋ ನಡೆಸಿದರು. ನವೆಂಬರ್ 12ರಂದು ಸಿಕ್ಕಿಬಿದ್ದರು. ಆ ಕಾಲದ ಸೆಟ್ ಎಲ್ಲಾದರೂ ಕಂಡರೆ ನೀವು ಕೊಳ್ಳದಿದ್ದರೂ ಚಿಂತೆಯಿಲ್ಲ, ನನಗೊಂದು ಸಂದೇಶ ಕಳುಹಿಸಿ.